ಒಲೆಯ ಹಿಂದಿನ ಗೋಡೆಗೆ ಟೈಲ್ಸೋ, ಗ್ರಾನೈಟೋ, ಗಾಜೋ? ನಮ್ಮ ಮಳೆಗೆ ಹೊಂದುವ ಸಾಮಗ್ರಿ ಮತ್ತು ಬಣ್ಣ

ಕುಮಟಾದ ನಮ್ಮ ಮನೆಯ ಅಡುಗೆಮನೆಗೆ ಎಂಟು ವರ್ಷಗಳ ಹಿಂದೆ ಅಚ್ಚ ಬಿಳಿಯ ಟೈಲ್ಸ್ ಹಾಕಿಸಿದೆವು. ಮೂರು ಇಂಚು ಅಗಲ, ಆರು ಇಂಚು ಉದ್ದದ, ಇಟ್ಟಿಗೆಯ ಸಾಲಿನಂತೆ ಕೂರಿಸುವ ಪುಟ್ಟ ಟೈಲ್ಸ್. ಅದರ ಮೈ ಇಂದಿಗೂ ಹೊಳೆಯುತ್ತಿದೆ, ಒಂದು ಗೀರೂ ಬಿದ್ದಿಲ್ಲ. ಹಾಳಾಗಿದ್ದು ಟೈಲ್ಸ್‌ಗಳ ನಡುವಿನ ಸಂದು. ಮೊದಲ ಮಳೆಗಾಲ ಮುಗಿಯುವಷ್ಟರಲ್ಲಿ ಒಲೆಯ ಹಿಂದೆ ಹಳದಿಗಟ್ಟಿತು, ಎರಡನೆಯ ಮಳೆಗಾಲಕ್ಕೆ ಸಿಂಕಿನ ಪಕ್ಕದಲ್ಲಿ ಕಪ್ಪು ಬೂಷ್ಟು ಹಿಡಿಯಿತು. ಅಂದಿನಿಂದ ವರ್ಷಕ್ಕೆ ಎರಡು ಸಲ ಹಳೆಯ ಹಲ್ಲುಜ್ಜುವ ಬ್ರಷ್ ಹಿಡಿದು ಸಂದು ಸಂದನ್ನೂ ತಿಕ್ಕುತ್ತಿದ್ದೇನೆ.

ಕಳೆದ ವರ್ಷ ಶಿರಸಿ ಹತ್ತಿರದ ತವರುಮನೆಯಲ್ಲಿ ಅಡುಗೆಮನೆ ದುರಸ್ತಿಯ ಮಾತು ಬಂದಾಗ ಆಯಿ (ಅಮ್ಮ) ಮೊದಲು ಹೇಳಿದ್ದೇ ಇದನ್ನು: "ಕೂಸೇ, ಬಣ್ಣ ಯಾವುದಾದರೂ ಆಗಲಿ. ನಿನ್ನ ಹಾಗೆ ಬ್ರಷ್ ಹಿಡಿದು ಗೋಡೆ ತಿಕ್ಕುವುದು ನನ್ನಿಂದಾಗದು." ಆ ಮಾತನ್ನೇ ಅಳತೆಗೋಲಾಗಿ ಇಟ್ಟುಕೊಂಡು ಕುಮಟಾ, ಶಿರಸಿ, ಕಾರವಾರದ ಅಂಗಡಿಗಳನ್ನು ಸುತ್ತಿದೆ. ಮೇಸ್ತ್ರಿಗಳನ್ನು ಕೇಳಿದೆ, ಹತ್ತಾರು ಮನೆಗಳ ಗೋಡೆ ಮುಟ್ಟಿ ನೋಡಿದೆ. ನನಗೆ ಮನವರಿಕೆಯಾದದ್ದು ಇಷ್ಟು: ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಈ ಗೋಡೆಯನ್ನು ಆರಿಸುವಾಗ ಅಂಗಡಿಯ ದೀಪದ ಕೆಳಗಿನ ಹೊಳಪನ್ನು ನೋಡಬಾರದು. ಜುಲೈ ತಿಂಗಳ ಮೂರನೆಯ ವಾರ, ಬಟ್ಟೆ ಒಣಗದ, ಉಪ್ಪಿನ ಭರಣಿಯೊಳಗೆ ನೀರಾಡುವ ದಿನ ಈ ಗೋಡೆ ಹೇಗಿರುತ್ತದೆ ಎಂದು ಕೇಳಿಕೊಳ್ಳಬೇಕು. ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 3000 ಮಿ.ಮೀ. ಮಳೆ ಬೀಳುತ್ತದೆ, ಅದರಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಒಣ ಊರುಗಳಿಗೆ ಹೇಳಿದ ಸಲಹೆ ನಮಗೆ ಅರ್ಧ ಮಾತ್ರ ಹೊಂದುತ್ತದೆ.

ಮೊದಲು ಗೋಡೆ ಒಣಗಿದೆಯೇ ನೋಡಿ

ನಮ್ಮ ಕಡೆಯ ಹಳೆಯ ಮನೆಗಳೆಲ್ಲ ಚಿರೆಕಲ್ಲಿನವು. ಚಿರೆಕಲ್ಲಿನ ಮೈತುಂಬ ತೂತು, ನೀರು ಕುಡಿಯುವ ಕಲ್ಲು. ಪಡುವಣ ಗೋಡೆಗೆ ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತಿದ್ದುದು ಇದೇ ಕಾರಣಕ್ಕೆ. ಅಂಥ ಗೋಡೆಯ ಹೊರಮೈಯನ್ನು ಹಾಗೆಯೇ ಬಿಟ್ಟು ಒಳಮೈಗೆ ಎಷ್ಟು ದುಬಾರಿ ಟೈಲ್ಸ್ ಹಾಕಿದರೂ ಒಳಗಿನ ತೇವ ಅದನ್ನು ಹಿಂದಿನಿಂದ ಸಡಿಲಿಸುತ್ತದೆ, ಸಂದಿನಲ್ಲಿ ಬಿಳಿಯ ಉಪ್ಪು ಹೊಡೆಯುತ್ತದೆ.

ಪರೀಕ್ಷೆ ಸುಲಭ. ಒಂದಡಿ ಚದರದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ನಾಲ್ಕೂ ಅಂಚು ಬಿಗಿಯಾಗಿ ಟೇಪ್ ಹಚ್ಚಿ ಅಂಟಿಸಿ, ಎರಡು ದಿನ ಬಿಡಿ. ಹಾಳೆಯ ಒಳಮೈಯಲ್ಲಿ ನೀರಿನ ಹನಿ ಕಟ್ಟಿದರೆ ಗೋಡೆ ಇನ್ನೂ ಹಸಿ. ತವರುಮನೆಯಲ್ಲಿ ನವೆಂಬರ್‌ನಲ್ಲಿ ಅಂಟಿಸಿದಾಗ ಮಂಜು ಹಿಡಿದಂತೆ ಬೆಳ್ಳಗಾಯಿತು. ಫೆಬ್ರವರಿಯಲ್ಲಿ ಅದೇ ಜಾಗ ಒಣಗಿತ್ತು. ಹೊಸ ಗಿಲಾವು ಮಾಡಿಸಿದ್ದರೂ ನಾಲ್ಕು ವಾರ ಒಣಗಲು ಬಿಡಬೇಕು. ಹಾಗಾಗಿ ಈ ಕೆಲಸಕ್ಕೆ ಫೆಬ್ರವರಿಯಿಂದ ಮೇ ತಿಂಗಳವರೆಗಿನ ದಿನಗಳೇ ಸರಿ. ಚೌತಿಗೆ ಮನೆ ಚೆಂದವಾಗಬೇಕೆಂದು ಆಗಸ್ಟ್‌ನಲ್ಲಿ ಹಚ್ಚಿಸುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಟೈಲ್ಸ್: ಆರಿಸಬೇಕಾದದ್ದು ಸಂದನ್ನು

ಕಟ್ಟೆಯ ಮೇಲಿನ ಗೋಡೆಗೆ ಹಚ್ಚುವ ಈ ಹೊದಿಕೆಯನ್ನು ಮೇಸ್ತ್ರಿಗಳು ಡ್ಯಾಡೋ ಎನ್ನುತ್ತಾರೆ. ಅಂಗಡಿಯಲ್ಲಿ ಡ್ಯಾಡೋ ಟೈಲ್ಸ್ ಎಂದು ಕೇಳಿದರೆ ಎರಡು ಜಾತಿ ತೋರಿಸುತ್ತಾರೆ: ಸೆರಾಮಿಕ್ ಮತ್ತು ವಿಟ್ರಿಫೈಡ್. ಮೇಲಿನಿಂದ ನೋಡಿದರೆ ಎರಡೂ ಒಂದೇ, ಹೆಚ್ಚಿನವು ಬರುವುದೂ ಗುಜರಾತಿನ ಮೋರ್ಬಿಯಿಂದಲೇ. ವ್ಯತ್ಯಾಸ ಬೆನ್ನಿನಲ್ಲಿದೆ. ಟೈಲ್ಸನ್ನು ಮಗುಚಿ ಹಾಕಿ ಬೆನ್ನಿನ ಮೇಲೆ ನಾಲ್ಕು ಹನಿ ನೀರು ಬಿಡಿ. ಸೆರಾಮಿಕ್ ಟೈಲ್ಸ್ ಅದನ್ನು ಕಣ್ಣೆದುರೇ ಕುಡಿದುಬಿಡುತ್ತದೆ. ಗೋಡೆಯ ಸೆರಾಮಿಕ್ ತನ್ನ ತೂಕದ ಶೇ. 10ಕ್ಕಿಂತ ಹೆಚ್ಚು ನೀರು ಹೀರಬಲ್ಲದು. ವಿಟ್ರಿಫೈಡ್ ಮೇಲೆ ಹನಿ ಕೆಸುವಿನೆಲೆಯ ಮೇಲೆ ನಿಂತಂತೆ ನಿಲ್ಲುತ್ತದೆ. ಅದರ ಹೀರುವಿಕೆ ಶೇ. 0.5ಕ್ಕಿಂತಲೂ ಕಡಿಮೆ.

ಹಾಗೆಂದು ಸೆರಾಮಿಕ್ ಕೆಟ್ಟದ್ದಲ್ಲ. ಮೇಲಿನ ಗಾಜಿನಂಥ ಲೇಪ ನೀರನ್ನು ಒಳಗೆ ಬಿಡುವುದಿಲ್ಲ, ಎಣ್ಣೆಯೂ ಇಳಿಯುವುದಿಲ್ಲ. ಬೆಲೆ ಕಡಿಮೆ, ಕತ್ತರಿಸುವುದು ಸುಲಭ, ನೀರಲ್ಲಿ ನೆನೆಸಿ ಸಿಮೆಂಟ್ ಹಾಲಿನಿಂದಲೇ ಅಂಟಿಸಬಹುದು. ಒಣ ಗೋಡೆಗೆ ಅದೇ ಸಾಕು ಎಂದು ನಾನು ಧೈರ್ಯವಾಗಿ ಹೇಳುತ್ತೇನೆ. ತೇವದ ಅನುಮಾನವಿದ್ದಲ್ಲಿ, ಸಿಂಕ್ ಇರುವ ಗೋಡೆಯಲ್ಲಿ ವಿಟ್ರಿಫೈಡ್ ಮೇಲು. ಆದರೆ ಅದಕ್ಕೆ ಬರೀ ಸಿಮೆಂಟ್ ಸಾಲದು. ನೀರು ಹೀರದ ಬೆನ್ನಿಗೆ ಸಿಮೆಂಟ್ ಹಿಡಿಯುವುದಿಲ್ಲ, ಟೈಲ್ಸ್ ಅಂಟು ಎಂದು ಚೀಲದಲ್ಲಿ ಬರುವುದನ್ನೇ ಬಳಸಬೇಕು. "ನಾವು ಯಾವಾಗಲೂ ಸಿಮೆಂಟಿನಲ್ಲೇ ಹಚ್ಚುವುದು" ಎನ್ನುವ ಮೇಸ್ತ್ರಿ ಸಿಕ್ಕಿದರೆ ಅಂಟಿನ ಚೀಲವನ್ನು ನೀವೇ ತಂದಿಡಿ.

ಈಗ ಸಂದಿನ ಲೆಕ್ಕ. ಹತ್ತಡಿ ಉದ್ದದ ಕಟ್ಟೆ, ಅದರ ಮೇಲೆ ಎರಡಡಿ ಎತ್ತರದ ಗೋಡೆ ಎಂದಿಟ್ಟುಕೊಳ್ಳಿ, ಒಟ್ಟು 20 ಚದರಡಿ. ನಾನು ಹಾಕಿಸಿದ ಮೂರು–ಆರು ಇಂಚಿನ ಟೈಲ್ಸಿನಲ್ಲಿ ಅಡ್ಡ ಸಂದು, ಉದ್ದ ಸಂದು ಎಲ್ಲ ಕೂಡಿದರೆ ನೂರು ಅಡಿಗೂ ಹೆಚ್ಚಾಗುತ್ತದೆ. ಅದೇ ಗೋಡೆಗೆ ಒಂದಡಿ–ಎರಡಡಿಯ ಟೈಲ್ಸನ್ನು ಅಡ್ಡ ಮಲಗಿಸಿ ಹಚ್ಚಿದರೆ ಸಂದಿನ ಉದ್ದ 18 ಅಡಿ. ಎರಡಡಿ–ನಾಲ್ಕಡಿಯ ದೊಡ್ಡ ಹಾಳೆ ಹಾಕಿದರೆ ಬರೀ ಎರಡು ನೇರ ಸಂದು, ನಾಲ್ಕಡಿ. ನೂರಡಿ ತಿಕ್ಕುವುದೋ, ಹದಿನೆಂಟಡಿ ತಿಕ್ಕುವುದೋ? ಚಿತ್ರಗಳಲ್ಲಿ ಪುಟ್ಟ ಟೈಲ್ಸ್ ಬಹಳ ಮುದ್ದಾಗಿ ಕಾಣುತ್ತದೆ, ನಾನೂ ಅದಕ್ಕೇ ಮರುಳಾದದ್ದು.

ಎಲ್ಲರೂ ದೊಡ್ಡದನ್ನೇ ಹಾಕಿಸಿ ಎಂದೂ ಹೇಳಲಾರೆ. ದೊಡ್ಡ ಟೈಲ್ಸಿಗೆ ಗೋಡೆ ಕನ್ನಡಿಯಷ್ಟು ಸಮತಟ್ಟಾಗಿರಬೇಕು. ಹಳೆಯ ಚಿರೆಕಲ್ಲಿನ ಗೋಡೆ ಒಂದು ಕಡೆ ಉಬ್ಬಿ ಇನ್ನೊಂದು ಕಡೆ ತಗ್ಗಿರುತ್ತದೆ. ಅದರ ಮೇಲೆ ದೊಡ್ಡದನ್ನು ಹಚ್ಚಿದರೆ ಹಿಂದೆ ಪೊಳ್ಳು ಉಳಿಯುತ್ತದೆ. ಬೆರಳಿನಿಂದ ತಟ್ಟಿದರೆ ಟೊಳ್ಳು ಸದ್ದು. ಮುಂದೆ ಸೌಟಿನ ಸ್ಟ್ಯಾಂಡಿಗೆ ಡ್ರಿಲ್ ಹೊಡೆದ ದಿನ ಮೂಲೆಯಿಂದ ಮೂಲೆಗೆ ಸೀಳುತ್ತದೆ. ಹಳೆಯ ಮನೆಗೆ ಒಂದಡಿ–ಎರಡಡಿಯ ಅಳತೆಯೇ ಹದವಾದದ್ದು.

ಸಂದು ತುಂಬುವುದಕ್ಕೂ ಮೂರು ದಾರಿ. ಬಿಳಿ ಸಿಮೆಂಟ್ ಅತಿ ಅಗ್ಗ, ಅತಿ ಬೇಗ ಕೊಳೆಯಾಗುತ್ತದೆ. ಬಣ್ಣದ ಸಿಮೆಂಟ್ ಗ್ರೌಟ್ ಒಂದಿಷ್ಟು ವಾಸಿ. ಎಪಾಕ್ಸಿ ಗ್ರೌಟ್ ಇವೆರಡಕ್ಕಿಂತ ಹಲವು ಪಟ್ಟು ದುಬಾರಿ, ಆದರೆ ಅದು ನೀರನ್ನೂ ಎಣ್ಣೆಯನ್ನೂ ಹೀರುವುದಿಲ್ಲ. ರಾಳ, ಗಟ್ಟಿಯಾಗಿಸುವ ದ್ರವ, ಪುಡಿ ಮೂರನ್ನೂ ಕಲಸಿದ ಮೇಲೆ ಬೇಗ ಬಿಗಿಯುತ್ತದೆ. ಟೈಲ್ಸಿನ ಮೇಲೆ ಮೆತ್ತಿಕೊಂಡದ್ದನ್ನು ಆಗಲೇ ಒರೆಸದಿದ್ದರೆ ಮತ್ತೆ ಬಿಡದು, ಆದ್ದರಿಂದ ಕೈ ಪಳಗಿದ ಮೇಸ್ತ್ರಿಯೇ ಬೇಕು. ಹದಿನೆಂಟಡಿ ಸಂದಿಗೆ ಬೇಕಾಗುವ ಎಪಾಕ್ಸಿಯ ಖರ್ಚು ಇಡೀ ಮನೆಯ ಲೆಕ್ಕದಲ್ಲಿ ಏನೇನೂ ಅಲ್ಲ. ಟೈಲ್ಸಿನಲ್ಲಿ ಉಳಿಸಿ, ಇಲ್ಲಿ ಖರ್ಚು ಮಾಡಿ. ಒಂದೇ ಎಚ್ಚರಿಕೆ: ಬಿಳಿ ಎಪಾಕ್ಸಿ ಬಿಸಿಲು ತಾಗುವಲ್ಲಿ ವರ್ಷ ಕಳೆದಂತೆ ತಾನೇ ಹಳದಿಯಾಗುತ್ತದೆ. ಬೂದು ಬಣ್ಣವನ್ನೋ ಟೈಲ್ಸಿಗಿಂತ ಒಂದು ಛಾಯೆ ಗಾಢವಾದದ್ದನ್ನೋ ಆರಿಸಿ.

ಕಲ್ಲುಗಳಲ್ಲಿ ಗ್ರಾನೈಟ್ ಒಂದೇ

ಕಟ್ಟೆಗೆ ಹಾಕಿದ ಗ್ರಾನೈಟನ್ನೇ ಗೋಡೆಗೂ ಏರಿಸುವುದು ನಮ್ಮಲ್ಲಿ ಹಳೆಯ ರೂಢಿ. ಬಿಸಿ, ಹುಳಿ, ಉಜ್ಜಾಟ ಯಾವುದಕ್ಕೂ ಅದು ಅಂಜುವುದಿಲ್ಲ. ಸಂದುಗಳೂ ಕಡಿಮೆ. ತೊಡಕು ತೂಕದ್ದು. 18 ಮಿ.ಮೀ. ದಪ್ಪದ ಗ್ರಾನೈಟ್ ಚದರಡಿಗೆ ಸುಮಾರು ನಾಲ್ಕೂವರೆ ಕಿಲೊ, ನಮ್ಮ 20 ಚದರಡಿಗೆ 90 ಕಿಲೊ. ಮಣ್ಣಿನ ಗೋಡೆಗೆ, ಹಳೆಯ ಸುಣ್ಣದ ಗಿಲಾವಿಗೆ ಅಷ್ಟು ಭಾರ ಹೊರಿಸುವುದು ಬೇಡ.

ಕಡಪ ಕಲ್ಲು ಮತ್ತು ಮಾರ್ಬಲ್ ನಮ್ಮ ಅಡುಗೆಗೆ ಹೊಂದುವುದಿಲ್ಲ. ಎರಡರಲ್ಲೂ ಇರುವುದು ಮುಖ್ಯವಾಗಿ ಸುಣ್ಣದ ಅಂಶ, ಹುಳಿ ಅದನ್ನು ತಿನ್ನುತ್ತದೆ. ಮುರುಗಲು, ಉಪ್ಪಾಗೆ, ಹುಣಸೆ, ಲಿಂಬೆ, ಮಾವಿನ ಮಿಡಿ: ನಮ್ಮ ಅಡುಗೆಮನೆಯಲ್ಲಿ ಹುಳಿಯಿಲ್ಲದ ದಿನವೇ ಇಲ್ಲ. ಅಂಗಡಿಯವರು ತುಂಡು ಕೊಟ್ಟರೆ ಲಿಂಬೆರಸ ಹಚ್ಚಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ತೊಳೆದಾಗ ಹೊಳಪು ಸತ್ತ ಗುರುತು ಉಳಿದರೆ ಆ ಕಲ್ಲು ಅಡುಗೆಮನೆಯದ್ದಲ್ಲ.

ಗ್ರಾನೈಟ್ ಪೂರ್ತಿ ಬೇಡವೆನ್ನುವವರಿಗೆ ನನಗೆ ಬಹಳ ಮೆಚ್ಚಿಗೆಯಾದ ನಡುದಾರಿ ಒಂದಿದೆ. ಕಟ್ಟೆ ಕೊರೆದಾಗ ಉಳಿದ ತುಂಡುಗಳಿಂದ ನಾಲ್ಕರಿಂದ ಆರಿಂಚಿನ ಪಟ್ಟಿ ಮಾಡಿಸಿ ಕಟ್ಟೆಗೆ ತಾಗಿ ಗೋಡೆಯುದ್ದಕ್ಕೂ ಕೂರಿಸುವುದು, ಅದರ ಮೇಲಿನಿಂದ ಟೈಲ್ಸ್. ನೀರು ನಿಲ್ಲುವುದು, ಬೂಷ್ಟು ಹುಟ್ಟುವುದು ಕಟ್ಟೆ ಮತ್ತು ಗೋಡೆ ಕೂಡುವ ಮೂಲೆಯಲ್ಲಿ. ಅಲ್ಲಿ ಕಲ್ಲಿಗೆ ಕಲ್ಲು ಕೂಡಿಸಿ ಸಿಲಿಕೋನ್ ಅಂಟು ಎಳೆದರೆ ಅರ್ಧ ರಗಳೆ ಮುಗಿಯಿತು.

ಗಾಜು

ಕಾರವಾರದಲ್ಲಿರುವ ನನ್ನ ಗೆಳತಿಯ ಫ್ಲ್ಯಾಟಿನಲ್ಲಿ ಒಲೆಯ ಹಿಂದೆ ಗಾಜಿದೆ, ಬೆನ್ನಿಗೆ ಬಣ್ಣ ಹಚ್ಚಿದ ಗಾಜು. ಮಧ್ಯಾಹ್ನ ಅವಳು ರವೆ ಹಚ್ಚಿದ ಬಂಗಡೆಯನ್ನು ಕಾವಲಿಗೆ ಹಾಕಿದರೆ ಸಿಡಿದ ಎಣ್ಣೆ ಗಾಜಿನ ಮೇಲೆ ಸಣ್ಣ ಸಣ್ಣ ಚುಕ್ಕಿಯಾಗಿ ಕೂರುತ್ತದೆ. ಊಟವಾದ ಮೇಲೆ ಒದ್ದೆ ಬಟ್ಟೆ ಒಂದು ಸಲ, ಒಣ ಬಟ್ಟೆ ಒಂದು ಸಲ. ಮೀನಿನ ವಾಸನೆಗೆ ಅಡಗಿ ಕೂರಲು ಸಂದೇ ಇಲ್ಲ. ಒರೆಸುವ ಸುಖದಲ್ಲಿ ಗಾಜಿಗೆ ಸರಿಸಾಟಿ ಇಲ್ಲವೆಂದು ಒಪ್ಪಿಕೊಂಡೆ.

ಆದರೆ ಅದು ಟಫನ್ಡ್ ಗಾಜೇ ಆಗಿರಬೇಕು. 600 ಡಿಗ್ರಿಗೂ ಮೀರಿ ಕಾಯಿಸಿ ಗಾಳಿಯೂದಿ ಥಟ್ಟನೆ ತಣಿಸಿದ ಈ ಗಾಜು ಸುಮಾರು 200 ಡಿಗ್ರಿಯ ಏರುಪೇರನ್ನು ತಾಳಿಕೊಳ್ಳುತ್ತದೆ. ಬಣ್ಣ ಹಚ್ಚಿದ ಸಾಮಾನ್ಯ ಗಾಜನ್ನು ಕಪಾಟಿನ ಬಾಗಿಲಿಗೆ ಹಾಕಿಕೊಳ್ಳಿ, ಒಲೆಯ ಹಿಂದೆ ಬೇಡ. ಇನ್ನೊಂದು ಸಂಗತಿ: ಟಫನ್ಡ್ ಆದ ಮೇಲೆ ಅದನ್ನು ಕತ್ತರಿಸಲಾಗದು, ತೂತು ಕೊರೆಯಲಾಗದು, ಕೊರೆದರೆ ಪುಡಿಪುಡಿ. ಪ್ಲಗ್ಗಿನ ಜಾಗ, ಮೊಳೆಯ ಜಾಗ ಎಲ್ಲ ಮೊದಲೇ ಅಳೆದು ಕೊಡಬೇಕು. ಗೆಳತಿಯ ಮನೆಗೆ ಬಂದ ಮೊದಲ ಗಾಜಿನಲ್ಲಿ ಪ್ಲಗ್ಗಿನ ಕಿಂಡಿ ಅರ್ಧ ಇಂಚು ಆಚೆಗಿತ್ತು. ಎರಡನೆಯದು ಬರಲು ಮೂರು ವಾರ ಹಿಡಿಯಿತು, ಅಷ್ಟು ದಿನ ಬೋಳು ಗೋಡೆಯೆದುರೇ ಅಡುಗೆ. ಅಂಟಿಸುವಾಗ ಹುಳಿ ವಾಸನೆಯ ಸಿಲಿಕೋನ್ ಬೇಡ, ಅದು ಬೆನ್ನಿನ ಬಣ್ಣವನ್ನು ಕೆಡಿಸಬಹುದು. ನ್ಯೂಟ್ರಲ್ ಎಂದು ಬರೆದದ್ದನ್ನು ಕೇಳಿ ತನ್ನಿ.

ಉಳಿದವುಗಳ ಬಗ್ಗೆ ನಾಲ್ಕು ಮಾತು ಸಾಕು. ಸ್ಟೀಲ್ ಹಾಳೆ ಹೋಟೆಲಿಗೆ ಒಳ್ಳೆಯದು. ಕಡಲ ದಂಡೆಯ ಮನೆಗಾದರೆ 304 ದರ್ಜೆಗಿಂತ ಕಡಿಮೆ ಬೇಡವೇ ಬೇಡ. ಉಪ್ಪುಗಾಳಿಯನ್ನು ನಿಜವಾಗಿ ತಾಳುವುದು 316. ಅಯಸ್ಕಾಂತ ಹಿಡಿದು ಪರೀಕ್ಷಿಸುವುದನ್ನು ನಂಬಬೇಡಿ, ಅಗ್ಗದ 202 ದರ್ಜೆಗೂ ಅಯಸ್ಕಾಂತ ಅಂಟುವುದಿಲ್ಲ. ಎಸಿಪಿ ಎಂದರೆ ಎರಡು ತೆಳು ಅಲ್ಯೂಮಿನಿಯಂ ಪದರ ಕೂಡಿಸಿದ ಹಾಳೆ, ಅದರ ನಡುವೆ ಸಾಮಾನ್ಯವಾಗಿ ಇರುವುದು ಪ್ಲಾಸ್ಟಿಕ್, ಅದು ಉರಿಯುತ್ತದೆ. ಪಿವಿಸಿ ಹಾಳೆ, ಟೈಲ್ಸಿನ ಚಿತ್ರವಿರುವ ಸ್ಟಿಕ್ಕರ್ ಎರಡೂ ಬಿಸಿಗೆ ಮೆದುವಾಗುತ್ತವೆ. ಇವು ಮೂರನ್ನೂ ಬೆಂಕಿಯ ಬಳಿ ತರಬೇಡಿ, ಬಾಡಿಗೆ ಮನೆಯಾದರೂ ಸರಿ.

ಬಣ್ಣ

ಬಿಳಿ ಕೊಳೆ ತೋರಿಸುತ್ತದೆ, ಕಪ್ಪು ಮುಚ್ಚುತ್ತದೆ ಎಂಬ ಮಾತು ಅರ್ಧ ಸುಳ್ಳು. ನಮ್ಮ ಅಡುಗೆಮನೆಯ ಕಲೆಗಳನ್ನು ಒಂದೊಂದಾಗಿ ನೋಡಿ. ಅರಿಶಿನ ಹಳದಿ, ಮುರುಗಲು ಕಡುಗೆಂಪು. ಕಟ್ಟಿಗೆ ಒಲೆಯಿದ್ದರೆ ಮಸಿ ಕಪ್ಪು. ಇವೆಲ್ಲ ಬಿಳಿಯ ಮೇಲೆ ಎದ್ದು ಕಾಣುತ್ತವೆ. ಅಕ್ಕಿಹಿಟ್ಟು, ತೆಂಗಿನಕಾಯಿಯ ಹಾಲು, ನೀರೊಣಗಿದ ಗುರುತು, ಎಣ್ಣೆಯ ಮಬ್ಬು: ಇವು ಕಪ್ಪಿನ ಮೇಲೆ. ಗಜನಿಯ (ಉಪ್ಪುನೀರು ನುಗ್ಗುವ ಗದ್ದೆಯ) ಅಂಚಿನ ಮನೆಗಳಲ್ಲಿ ಬೇಸಿಗೆಗೆ ಬಾವಿಯ ನೀರು ಸವಳಾದಾಗ ಕಪ್ಪು ಹೊಳಪಿನ ಗೋಡೆಯ ಮೇಲೆ ಒಣಗಿದ ಪ್ರತಿ ಹನಿಯೂ ಬೆಳ್ಳನೆಯ ಉಂಗುರ ಬಿಡುತ್ತದೆ. ದಿನವೂ ಒರೆಸುವ ಕೈ ಇದ್ದರೆ ಕಪ್ಪು ಸೊಗಸೇ. ಇಲ್ಲವಾದರೆ ಅದು ಬಿಳಿಗಿಂತ ಕಷ್ಟ.

ಅರಿಶಿನದ್ದು ಬೇರೆಯೇ ಕತೆ. ನಮ್ಮ ಗೋಡೆಯ ಹಳದಿ ಸಂದಿಗೆ ಸೋಪಿನ ನೀರು ಹಾಕಿ ತಿಕ್ಕಿದ ಮೊದಲ ದಿನ ಅದು ಇಟ್ಟಿಗೆಯಷ್ಟು ಕೆಂಪಾಯಿತು. ಗಾಬರಿಯಾಗಿ ಆಯಿಗೆ ಫೋನ್ ಮಾಡಿದರೆ "ಆರತಿಗೆ ಓಕುಳಿ ಕಲಸುವುದು ಮರೆತೆಯಾ?" ಎಂದಳು. ಅರಿಶಿನಕ್ಕೆ ಸುಣ್ಣ ಬೆರೆಸಿದರೆ ಕೆಂಪಾಗುವ ಹಾಗೆಯೇ ಸೋಪು, ಸಿಮೆಂಟ್, ಸೋಡಾ ಯಾವ ಕ್ಷಾರ ಸೋಕಿದರೂ ಅದು ಕೆಂಪಾಗುತ್ತದೆ. ಆ ಕಲೆಯನ್ನು ಮಾಸಿಸುವುದು ಬಿಸಿಲು. ಅಡುಗೆಮನೆ ಆಗ್ನೇಯದಲ್ಲಿದ್ದು ಬೆಳಗಿನ ಬಿಸಿಲು ಗೋಡೆಗೆ ತಾಗುವುದಾದರೆ ತಿಳಿ ಬಣ್ಣ ಹಾಕಿಸಲು ಅಷ್ಟು ಅಂಜಬೇಕಿಲ್ಲ. ಕಲೆ ಹೋಗಲಿ ಎಂದು ಪಾಯಿಖಾನೆಯ ಆಸಿಡ್ ಮಾತ್ರ ಮುಟ್ಟಬೇಡಿ, ಸಿಮೆಂಟ್ ಸಂದನ್ನು ಅದು ತಿಂದು ತೂತು ಮಾಡುತ್ತದೆ.

ಬಣ್ಣವೆಂದರೆ ಕಲೆಯಷ್ಟೇ ಅಲ್ಲ, ಬೆಳಕು ಕೂಡ. ಶಿರಸಿ ಕಡೆಯ ಹಳೆಯ ಮನೆಗಳ ಸೂರು ತಗ್ಗು, ಕಿಟಕಿ ಸಣ್ಣದು, ಸುತ್ತ ತೋಟದ ನೆರಳು. ಹಂಚಿನ ನಡುವೆ ಕೂರಿಸಿದ ಒಂದು ಗಾಜಿನ ಹಂಚಿನಿಂದ ಬೀಳುವ ಬೆಳಕಿನ ಕೋಲೇ ಹಗಲಿನ ದೀಪ. ಅಂಥಲ್ಲಿ ಗಾಢ ಬಣ್ಣ ಹಾಕಿದರೆ ಆಷಾಢದಲ್ಲಿ ನಡುಹಗಲಿಗೂ ದೀಪ ಹಚ್ಚಬೇಕು, ಅದೂ ಕರೆಂಟ್ ಇದ್ದರೆ. ತಿಳಿ ಬಣ್ಣ, ಸಾಧಾರಣ ಹೊಳಪು ಅಲ್ಲಿಗೆ ಬೇಕೇ ಬೇಕು. ಕಾರವಾರದ ಗೆಳತಿಯ ಮನೆಯಲ್ಲಿ ಇದಕ್ಕೆ ತದ್ವಿರುದ್ಧ. ಪಡುವಣದ ಕಿಟಕಿಯಿಂದ ಸಂಜೆಯ ಬೆಳಕು ನೇರ ಬರುತ್ತದೆ, ಮೊದಲಿದ್ದ ಬಿಳಿ ಗೋಡೆ ಕಣ್ಣಿಗೆ ಹೊಡೆಯುತ್ತಿತ್ತು. ಅವಳು ಬೂದು ಬೆರೆತ ಹಸಿರು ಆರಿಸಿದ್ದು ಒಳ್ಳೆಯದೇ ಆಯಿತು. ಗಾಜಿನಲ್ಲಿ ತಿಳಿ ಬಣ್ಣ ಬೇಕೆನ್ನುವವರಿಗೆ ಒಂದು ಸೂಚನೆ: ಸಾಮಾನ್ಯ ಗಾಜಿನ ಮೈಯಲ್ಲಿ ಕಬ್ಬಿಣದ ಅಂಶದಿಂದ ಬಂದ ಹಸಿರು ಛಾಯೆ ಇರುತ್ತದೆ, ಹಿಂದೆ ಬಿಳಿ ಹಚ್ಚಿದರೆ ಅದು ಹಸಿರಾಗಿಯೇ ಕಾಣುತ್ತದೆ. ಬಿಳಿ, ಕೆನೆ ಬಣ್ಣಗಳಿಗೆ ಎಕ್ಸ್‌ಟ್ರಾ ಕ್ಲಿಯರ್ ಗಾಜನ್ನೇ ಕೇಳಬೇಕು.

ನೆಲವನ್ನೂ ಮರೆಯಬೇಡಿ. ನಮ್ಮ ಕಡೆ ಇನ್ನೂ ಎಷ್ಟೋ ಮನೆಗಳಲ್ಲಿ ಕೆಂಪು ಗಾರೆಯ ನೆಲವಿದೆ. ಅದರೆದುರು ನೀಲಿ ಬೆರೆತ ಬಿಳಿ ರೋಗಿಷ್ಟವಾಗಿ ಕಾಣುತ್ತದೆ. ಕೆನೆಬಣ್ಣ, ಹಾಲುಬಿಳಿ, ತಿಳಿಹಳದಿ ಒಗ್ಗುತ್ತವೆ. ಒರಟು ಮೈಯ ಮ್ಯಾಟ್ ಟೈಲ್ಸ್ ಈಗ ಎಲ್ಲೆಡೆ ಜನಪ್ರಿಯ, ನೋಡಲು ಗಂಭೀರ. ಒಲೆಯ ನೇರ ಹಿಂದೆ ಮಾತ್ರ ಅದರ ಒರಟಿನಲ್ಲಿ ಎಣ್ಣೆ ಕೂರುತ್ತದೆ. ಬೆರಳು ಜಾರುವಷ್ಟು ನುಣುಪಿರುವ ಸ್ಯಾಟಿನ್ ಮೈ ನಡುವಿನ ಆಯ್ಕೆ.

ಅಂಗಡಿಯಲ್ಲೇ ಬಣ್ಣ ನಿರ್ಧರಿಸಬೇಡಿ. ಎರಡು ಮೂರು ಬಿಡಿ ಟೈಲ್ಸ್ ಕೊಂಡು ತಂದು ಒಲೆಯ ಹಿಂದೆ ಒರಗಿಸಿ, ಒಂದು ವಾರ ಅಡುಗೆ ಮಾಡಿ. ಅಂಗಡಿಯ ದೀಪ ಸಾಮಾನ್ಯವಾಗಿ ಅಚ್ಚ ಬೆಳ್ಳಗಿನ 6500 ಕೆಲ್ವಿನ್‌ನದ್ದು. ಮನೆಯಲ್ಲಿ 3000ದ ಹಳದಿ ಬಲ್ಬ್ ಇದ್ದರೆ ಬೂದು ಬಣ್ಣವೇ ಕಂದಾಗಿ ಕಾಣುತ್ತದೆ.

ನಾವೂ ಹಾಗೆಯೇ ಮಾಡಿದೆವು. ಹಾಲುಬಿಳಿ, ತಿಳಿಬೂದು, ಕೆಸುವಿನ ಬಣ್ಣದ ಹಸಿರು, ಮೂರು ಟೈಲ್ಸನ್ನು ಆಯಿಯ ಒಲೆಯ ಹಿಂದೆ ಸಾಲಾಗಿ ನಿಲ್ಲಿಸಿದೆವು. ಅವಳು ದಿನವೂ ಒಗ್ಗರಣೆ ಹಾಕಿದಳು, ಒಂದು ದಿನ ಹಲಸಿನ ಹಪ್ಪಳ ಕರಿದಳು, ಮುರುಗಲು ಸಾರು ಉಕ್ಕಿಸಿದಳು. ಏಳನೆಯ ದಿನ ಕನ್ನಡಕ ಹಾಕಿಕೊಂಡು ಹತ್ತಿರ ಹೋಗಿ ನೋಡಿ ಹಸಿರನ್ನು ಮೊದಲು ತೆಗೆದಿಟ್ಟಳು, ಮಬ್ಬು ಬೆಳಕಿನಲ್ಲಿ ಅದು ಪಾಚಿಯಂತೆ ಕಾಣುತ್ತದೆಂದು. ಬೂದುಬಣ್ಣದ್ದು ಕೆಂಪು ನೆಲಕ್ಕೆ ಸೇರಲಿಲ್ಲ. ಉಳಿದದ್ದು ಹಾಲುಬಿಳಿ, ಅದರಲ್ಲಿ ಮರಳಿನ ಕಣದಂಥ ತಿಳಿಕಂದು ಚುಕ್ಕಿ. ಒಂದಡಿ–ಎರಡಡಿಯ ಸೆರಾಮಿಕ್, ಬೂದುಗಂದು ಎಪಾಕ್ಸಿ ಸಂದು, ಬುಡದಲ್ಲಿ ಆರಿಂಚಿನ ಗ್ರಾನೈಟ್ ಪಟ್ಟಿ. ಸಿಂಕ್ ಕಡೆಯ ಗೋಡೆಗೆ ಮಾತ್ರ ಅದೇ ಬಣ್ಣಕ್ಕೆ ಹತ್ತಿರದ ವಿಟ್ರಿಫೈಡ್.

ಕೊಳ್ಳುವಾಗ ಪ್ರತಿ ಪೆಟ್ಟಿಗೆಯ ಮೇಲಿನ ಬ್ಯಾಚ್ ಸಂಖ್ಯೆ, ಛಾಯೆಯ ಸಂಖ್ಯೆ ಒಂದೇ ಇದೆಯೇ ಎಂದು ಓದಿ ನೋಡಿ. ಹೆಸರು ಒಂದೇ ಇದ್ದರೂ ಬೇರೆ ಬ್ಯಾಚಿನದ್ದು ಗೋಡೆಯ ಮೇಲೆ ತೇಪೆ ಹಾಕಿದಂತೆ ಕಾಣುತ್ತದೆ. ಲೆಕ್ಕಕ್ಕಿಂತ ನೂರಕ್ಕೆ ಹತ್ತರಷ್ಟು ಹೆಚ್ಚು ತನ್ನಿ. ಹುಬ್ಬಳ್ಳಿಯಿಂದ ತರಿಸುವವರು ಅರಬೈಲ್ ಘಟ್ಟದ ತಿರುವುಗಳಲ್ಲಿ ಒಡೆಯುವುದಕ್ಕೂ ಎರಡು ಸೇರಿಸಿಕೊಳ್ಳಿ. ಮಿಕ್ಕ ನಾಲ್ಕು ಟೈಲ್ಸನ್ನು ಪೆಟ್ಟಿಗೆಯ ಚೀಟಿಯ ಸಮೇತ ಗೋಣಿಚೀಲದಲ್ಲಿ ಸುತ್ತಿ ಅಟ್ಟದ ಮೇಲೆ ಇಡಿ. ಆಯಿ ಅದರ ಮೇಲೆ ಇಸವಿಯನ್ನೂ ಬರೆದಿಟ್ಟಿದ್ದಾಳೆ.